ಲಿಗ್ನೋಕೇನ್: ಮಗುವಿನ ಒಸಡಿಗೆ ಹಚ್ಚಬಹುದಾ? ಹಲ್ಲಿನ ಇಂಜೆಕ್ಷನ್, ಟ್ಯಾಟೂ ಕ್ರೀಮ್, ಸರ್ಪಸುತ್ತು ಎಲ್ಲ ಇಲ್ಲೇ ಚರ್ಚಿಸೋಣ

ರಾಜಾಜಿನಗರದ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಎಂಟು ತಿಂಗಳು. ಕೆಳಗಿನ ಎರಡು ಹಲ್ಲು ಮೂಡುತ್ತಿವೆ. ರಾತ್ರಿಯೆಲ್ಲ ಅಳು, ಜೊಲ್ಲು ನಿಲ್ಲುವುದೇ ಇಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ. ಮನೆ ಹತ್ತಿರದ ಮೆಡಿಕಲ್ ಶಾಪ್‌ನಲ್ಲಿ ಕೇಳಿದ್ದಕ್ಕೆ ಒಂದು ಜೆಲ್ ಕೊಟ್ಟರು. "ಒಸಡಿಗೆ ಹಚ್ಚಿ, ಮರಗಟ್ಟುತ್ತೆ, ಮಗು ಆರಾಮಾಗಿ ಮಲಗುತ್ತೆ" ಅಂದರು. ಎಷ್ಟು ಹಚ್ಚಬೇಕು, ದಿನಕ್ಕೆ ಎಷ್ಟು ಸಲ ಅಂತ ಹೇಳಲಿಲ್ಲ. ಡಾಕ್ಟರ್ ಚೀಟಿಯನ್ನೂ ಕೇಳಲಿಲ್ಲ. ಟ್ಯೂಬ್ ಮೇಲೆ ಲಿಗ್ನೋಕೇನ್ 2% ಅಂತ ಬರೆದಿದೆ. ಹಲ್ಲು ಕೀಳುವಾಗ ಕೊಡುವುದೂ ಇದೇ ಔಷಧಿ ಅಲ್ವಾ? ಇನ್ನೂ ಹಚ್ಚಿಲ್ಲ. ಅತ್ತೆ ಮಾತ್ರ "ಹಚ್ಚಿಬಿಡಮ್ಮ, ಮಗೂನ ಎಷ್ಟೂಂತ ಅಳಿಸ್ತೀಯ" ಅಂತಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಓಟಿ ರಾತ್ರಿಪಾಳಿ:
ಹಚ್ಚಬೇಡಿ ಮೇಡಂ. ನಾನು ಅರಿವಳಿಕೆ ವೈದ್ಯ. ಈ ಔಷಧಿ ದಿನಾ ನನ್ನ ಕೈಯಲ್ಲಿರುತ್ತದೆ. ಇದರ ಬಗ್ಗೆ ನನಗೆ ತುಂಬಾ ಗೌರವ ಇದೆ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ಹೌದು, ಹಲ್ಲು ಕೀಳುವಾಗ ಕೊಡುವುದೂ ಇದೇ. ಲಿಡೋಕೇನ್ ಅಂತ ಬರೆದಿದ್ದರೂ ಇದೇ. ಇದರ ಅಳತೆ ಮೈತೂಕದ ಮೇಲೆ ನಿಂತಿದೆ. ಇಂಜೆಕ್ಷನ್ ಕೊಡುವಾಗ ನಾವು ಒಂದು ಕಿಲೋ ತೂಕಕ್ಕೆ ಹೆಚ್ಚೆಂದರೆ 4.5 ಮಿಲಿಗ್ರಾಂ ಅಂತ ಲೆಕ್ಕ ಹಾಕುತ್ತೇವೆ. ನಿಮ್ಮ ಮಗು 8 ಕಿಲೋ ಇದೆ ಅಂದುಕೊಳ್ಳಿ. ಆಗ ಮಿತಿ 36 ಮಿಲಿಗ್ರಾಂ. 2% ಅಂದರೆ ಒಂದು ಗ್ರಾಂ ಜೆಲ್‌ನಲ್ಲಿ 20 ಮಿಲಿಗ್ರಾಂ. ಒಂದು ಟೀ ಚಮಚದಷ್ಟು ದ್ರವ ಹೊಟ್ಟೆಗೆ ಹೋದರೆ 100 ಮಿಲಿಗ್ರಾಂ. ನುಂಗಿದ್ದು ಪೂರ್ತಿ ರಕ್ತಕ್ಕೆ ಸೇರುವುದಿಲ್ಲ, ಯಕೃತ್ತು ಒಂದಷ್ಟನ್ನು ಮೊದಲೇ ಒಡೆದುಹಾಕುತ್ತದೆ. ಆದರೆ ಎಳೆ ಮಗುವಿನಲ್ಲಿ ಅದನ್ನು ನಂಬಿಕೊಂಡು ಕೂರುವ ಹಾಗಿಲ್ಲ.

ಇನ್ನೊಂದು ತೊಂದರೆ ಜೊಲ್ಲಿನದು. ಹಚ್ಚಿದ ಜೆಲ್ ಜೊಲ್ಲಿನ ಜೊತೆ ಕೆಲವೇ ನಿಮಿಷದಲ್ಲಿ ಹೊಟ್ಟೆಗೆ ಹೋಗುತ್ತದೆ. ಮಗು ಮತ್ತೆ ಅಳುತ್ತದೆ. ಪಾಪ, ತಾಯಿ ಮತ್ತೆ ಹಚ್ಚುತ್ತಾರೆ. ಹೀಗೇ ಒಂದು ರಾತ್ರಿಯಲ್ಲಿ ಎಷ್ಟು ಹೋಯಿತು ಅಂತ ಯಾರಿಗೂ ಲೆಕ್ಕ ಸಿಗುವುದಿಲ್ಲ. ಜೊತೆಗೆ ಗಂಟಲು ಮರಗಟ್ಟಿದರೆ ಹಾಲು ನುಂಗುವಾಗ ನೆತ್ತಿಗೇರುತ್ತದೆ.

2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದೇ ವಿಷಯಕ್ಕೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿತು. ಬಾಯಿಗೆ ಹಾಕುವ 2% ಲಿಡೋಕೇನ್ ದ್ರವವನ್ನು ಹಲ್ಲು ಮೂಡುವ ನೋವಿಗೆ ಕೊಡಲೇಬಾರದು ಅಂತ. ಐದು ತಿಂಗಳಿಂದ ಮೂರೂವರೆ ವರ್ಷದವರೆಗಿನ 22 ಮಕ್ಕಳ ವರದಿ ಅವರ ಮುಂದಿತ್ತು. ಫಿಟ್ಸ್, ಮೆದುಳಿಗೆ ಪೆಟ್ಟು, ಹೃದಯದ ತೊಂದರೆ. ಸಾವೂ ಆಗಿತ್ತು. ಹಲ್ಲು ಮೂಡುವುದು ರೋಗ ಅಲ್ಲ. ಅದಕ್ಕೋಸ್ಕರ ಇಂಥ ಅಪಾಯ ತಲೆ ಮೇಲೆ ಎಳೆದುಕೊಳ್ಳುವುದು ಯಾಕೆ?

ರಾಜಾಜಿನಗರದ ಅಮ್ಮ:
ಓದಿ ಕೈಕಾಲೇ ಆಡಲಿಲ್ಲ ಸರ್. ಟ್ಯೂಬ್ ತೆಗೆದು ಬೀರು ಮೇಲೆ ಇಟ್ಟೆ. ಹಾಗಾದರೆ ಅಳುವ ಮಗುವಿಗೆ ಏನು ಮಾಡಲಿ?

ಬಸವನಗುಡಿ ದಂತವೈದ್ಯೆ:
ನಾನು ಹೇಳುತ್ತೇನಮ್ಮ. ಕೈ ಚೆನ್ನಾಗಿ ತೊಳೆದುಕೊಂಡು ಬೆರಳಲ್ಲಿ ಒಸಡನ್ನು ಮೆತ್ತಗೆ ಒತ್ತಿ ತಿಕ್ಕಿ. ಒಂದೆರಡು ನಿಮಿಷ ಸಾಕು, ಎಷ್ಟೋ ಮಕ್ಕಳು ಇಷ್ಟಕ್ಕೇ ಸುಮ್ಮನಾಗುತ್ತವೆ. ಶುದ್ಧವಾದ ಹತ್ತಿ ಬಟ್ಟೆ ಒದ್ದೆ ಮಾಡಿ ಫ್ರಿಡ್ಜ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು ಕಚ್ಚಲು ಕೊಡಿ, ನೀವು ಎದುರಿಗೆ ಕೂತಿರಿ. ಫ್ರೀಜರ್‌ನಲ್ಲಿ ಇಡಬೇಡಿ, ಕಲ್ಲಿನಂತಾದರೆ ಒಸಡಿಗೆ ಗಾಯವಾಗುತ್ತದೆ. ಕ್ಯಾರೆಟ್ ತುಂಡು ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಇಷ್ಟರ ಮೇಲೂ ಅಳು ನಿಲ್ಲದಿದ್ದರೆ ಮಕ್ಕಳ ಡಾಕ್ಟರ್ ಹತ್ತಿರ ಪ್ಯಾರಾಸಿಟಮಾಲ್ ಅಳತೆ ಕೇಳಿ.

ಒಂದು ಮಾತು. ಜ್ವರ ಜೋರಾಗಿ ಬಂದರೆ, ಭೇದಿಯಾದರೆ "ಹಲ್ಲು ಬರ್ತಿದೆ, ಅದಕ್ಕೇ" ಅಂತ ಮನೆಯಲ್ಲಿ ಕೂರಬೇಡಿ. ಹಲ್ಲಿನಿಂದ ಜೋರು ಜ್ವರ ಬರುವುದಿಲ್ಲ.

ಯಲಹಂಕ ಬೈಕು:
ಡಾಕ್ಟ್ರೇ, ಇದೇ ಚರ್ಚೆಯಲ್ಲಿ ನನ್ನದೂ ಒಂದು ಪ್ರಶ್ನೆ. ಬುದ್ಧಿಹಲ್ಲು ಹುಳುಕಾಗಿ ಕೆನ್ನೆ ಊದಿಕೊಂಡಿತ್ತು. ಸಿಟಿಯ ಒಂದು ಕ್ಲಿನಿಕ್‌ನಲ್ಲಿ ಮೂರು ಸಲ ಸೂಜಿ ಚುಚ್ಚಿದರು. ತುಟಿ ಮರಗಟ್ಟಿತು, ಹಲ್ಲು ಮಾತ್ರ ಇಲ್ಲ. ಮುಟ್ಟಿದರೆ ಜೀವ ಹೋದ ಹಾಗೆ ನೋವು. "ನಿಮಗೆ ಭಯ ಜಾಸ್ತಿ" ಅಂತ ಹೇಳಿ ಕಳಿಸಿಬಿಟ್ಟರು. ಕೆಲವರಿಗೆ ಈ ಔಷಧಿ ಹಿಡಿಯುವುದೇ ಇಲ್ವಾ?

ಬಸವನಗುಡಿ ದಂತವೈದ್ಯೆ:
ನಿಮ್ಮ ಭಯ ಅಲ್ಲ. ಹಾಗೆ ಹೇಳಿ ಕಳಿಸಿದ್ದು ಸರಿಯಲ್ಲ.

ಲಿಗ್ನೋಕೇನ್ ಕೆಲಸ ಮಾಡುವುದು ನರದ ಒಳಗಿನಿಂದ. ನೋವಿನ ಸಂದೇಶ ನರದಲ್ಲಿ ಓಡಬೇಕಾದರೆ ಸೋಡಿಯಂ ಒಳನುಗ್ಗಬೇಕು. ಅದು ಬರಲು ನರದ ಪೊರೆಯಲ್ಲಿ ಪುಟ್ಟ ಬಾಗಿಲುಗಳಿವೆ. ಈ ಔಷಧಿ ಪೊರೆ ದಾಟಿ ಒಳಗೆ ಹೋಗಿ, ಒಳಗಿನಿಂದ ಆ ಬಾಗಿಲಿಗೆ ಚಿಲಕ ಹಾಕುತ್ತದೆ. ಸಂದೇಶ ಅಲ್ಲೇ ನಿಂತುಬಿಡುತ್ತದೆ, ಮೆದುಳಿಗೆ ಸುದ್ದಿ ಮುಟ್ಟುವುದಿಲ್ಲ. ಕೀವು ತುಂಬಿದ ಜಾಗ ಆಮ್ಲೀಯವಾಗಿರುತ್ತದೆ. ಅಲ್ಲಿ ಔಷಧಿಯ ಹೆಚ್ಚಿನ ಪಾಲು ಪೊರೆ ದಾಟಲಾಗದ ರೂಪಕ್ಕೆ ತಿರುಗುತ್ತದೆ. ಒಳಗೆ ಹೋಗುವುದೇ ಕಡಿಮೆ. ಅದಕ್ಕೇ ಊದಿಕೊಂಡ ಹಲ್ಲಿಗೆ ಸರಿಯಾಗಿ ಹಿಡಿಯುವುದಿಲ್ಲ.

ಇದಕ್ಕೆ ದಾರಿ ಇದೆ. ಕೀವಿನಿಂದ ದೂರ, ನರ ದವಡೆಯೊಳಗೆ ಹೋಗುವ ಜಾಗದಲ್ಲೇ ಬ್ಲಾಕ್, ಅಂದರೆ ಇಡೀ ನರವನ್ನು ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತೇವೆ. ಕೀವು ತೆಗೆದು ಊತ ಇಳಿಸಿ ಆಮೇಲೆ ಹಲ್ಲು ಮುಟ್ಟುತ್ತೇವೆ. ಆರ್ಟಿಕೇನ್ ಅನ್ನುವ ಇನ್ನೊಂದು ಔಷಧಿಯೂ ಇದೆ. ಕೆನ್ನೆ ಊದಿ ಬಾಯಿ ತೆರೆಯಲು ಕಷ್ಟ, ನುಂಗಲು ಕಷ್ಟ, ಜ್ವರ ಅಂತಾದರೆ ಕ್ಲಿನಿಕ್ ಕ್ಲಿನಿಕ್ ಅಲೆಯಬೇಡಿ. ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ. ವಿಕ್ಟೋರಿಯಾ ಆಸ್ಪತ್ರೆ ಆವರಣದ ಹತ್ತಿರವೇ ಸರ್ಕಾರಿ ದಂತ ಕಾಲೇಜು ಇದೆ, ಕೋಟೆ ಕಡೆ. ದುಡ್ಡಿನ ಚಿಂತೆ ಇದ್ದವರಿಗೆ ಅದು ದೊಡ್ಡ ಆಸರೆ.

ಮತ್ತೆ, ಮರಗಟ್ಟಿದ ಮೇಲೂ ಒತ್ತಿದ್ದು, ಎಳೆದದ್ದು ಗೊತ್ತಾಗುತ್ತದೆ. ನೋವಿನ ಸಣ್ಣ ನರ ಬೇಗ ಮಲಗುತ್ತದೆ, ಒತ್ತಡ ತಿಳಿಸುವ ದಪ್ಪ ನರ ಅಷ್ಟು ಬೇಗ ಮಲಗಲ್ಲ. ನಾನು ಸೂಜಿ ಕೊಟ್ಟು ಐದು ನಿಮಿಷ ಕಾಯುತ್ತೇನೆ. "ತುಟಿ ಊದಿದ ಹಾಗಿದೆಯಾ?" ಅಂತ ಕೇಳುತ್ತೇನೆ. ಆಮೇಲೆ ಪ್ರೋಬ್ ಅನ್ನುವ ಚೂಪು ಕಡ್ಡಿ ತೆಗೆದುಕೊಂಡು ಹಲ್ಲಿನ ಪಕ್ಕದ ಒಸಡನ್ನು ಚುಚ್ಚುತ್ತೇನೆ, ಮೊದಲು ಕೆನ್ನೆ ಕಡೆ, ಆಮೇಲೆ ನಾಲಿಗೆ ಕಡೆ. ಆಗ ರೋಗಿಯ ಬಾಯಿ ನೋಡುವುದಿಲ್ಲ, ಹುಬ್ಬು ನೋಡುತ್ತೇನೆ. ಹುಬ್ಬು ಗಂಟಿಕ್ಕಿದರೆ ಇನ್ನೂ ಹಿಡಿದಿಲ್ಲ ಅಂತಲೇ. ಎಷ್ಟೋ ಜನ ಸಂಕೋಚಕ್ಕೆ "ಪರವಾಗಿಲ್ಲ ಮಾಡಿ" ಅನ್ನುತ್ತಾರೆ. ಹಾಗೆ ಅನ್ನಬೇಡಿ. ಚುಚ್ಚಿದ್ದು ಗೊತ್ತಾದರೆ ಕೈ ಎತ್ತಿ.

ಮಲ್ಲೇಶ್ವರ ಎಂಟನೇ ಕ್ರಾಸ್:
ನಮ್ಮ ತಾಯಿಗೆ ಅರವತ್ತೆಂಟು. ಮೇಲಿನ ದವಡೆ ಹಲ್ಲು ತೆಗೆಸಬೇಕು. "ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ" ಅಂತ ಹಟ ಹಿಡಿದಿದ್ದಾರೆ. ಬಿಪಿ ಮಾತ್ರೆ ಬೇರೆ ತಗೊಳ್ತಾರೆ. ಹೋದ ಸಲ ಇಂಜೆಕ್ಷನ್ ಕೊಟ್ಟಾಗ ಎದೆ ಡವಡವ ಅಂತ ಹೊಡೆದುಕೊಂಡಿತ್ತಂತೆ. "ನನಗೆ ಅಲರ್ಜಿ" ಅಂತ ಈಗ ಎಲ್ಲರಿಗೂ ಹೇಳುತ್ತಾರೆ.

ಬಸವನಗುಡಿ ದಂತವೈದ್ಯೆ:
ಕಣ್ಣಿನ ಮಾತು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ದೃಷ್ಟಿಯ ನರ ಬೇರೆ, ಹಲ್ಲಿನ ನರ ಬೇರೆ. ಕಣ್ಣು ಕಾಣುವುದು ಮೆದುಳಿನಿಂದ ಬರುವ ಎರಡನೇ ನರದಿಂದ. ಹಲ್ಲು, ಒಸಡು, ಕೆನ್ನೆಗೆ ಐದನೇ ನರ. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ತಗಲುವುದಿಲ್ಲ. ತೀರಾ ಅಪರೂಪಕ್ಕೆ, ಮೇಲಿನ ದವಡೆಗೆ ಆಳವಾಗಿ ಕೊಟ್ಟ ಔಷಧಿ ಕಣ್ಣು ಹೊರಳಿಸುವ ಸ್ನಾಯುಗಳ ಕಡೆ ಹರಡಿ ಸ್ವಲ್ಪ ಹೊತ್ತು ಎರಡೆರಡು ಕಾಣಬಹುದು. ಔಷಧಿ ಇಳಿದ ಮೇಲೆ ಮೊದಲಿನಂತೆ ಆಗುತ್ತದೆ. ಅಮ್ಮನಿಗೆ ಹೀಗೇ ಬಿಡಿಸಿ ಹೇಳಿ. ಬೈದು ಒಪ್ಪಿಸಬೇಡಿ. ನಾನೇ ಹೇಳಬೇಕಾದರೂ ಸರಿ.

ಓಟಿ ರಾತ್ರಿಪಾಳಿ:
ಎದೆ ಹೊಡೆದುಕೊಂಡದ್ದಕ್ಕೆ ನಾನು ಉತ್ತರ ಕೊಡುತ್ತೇನೆ. ಹಲ್ಲಿಗೆ ಕೊಡುವ ಲಿಗ್ನೋಕೇನ್ ಜೊತೆ ಚೂರು ಅಡ್ರಿನಲಿನ್ ಇರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ 80,000ಕ್ಕೆ ಒಂದು ಪಾಲು. ಅದು ಸುತ್ತಲಿನ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ರಕ್ತ ಕಡಿಮೆ ಸೋರುತ್ತದೆ, ಔಷಧಿ ಅಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತದೆ. ಅದರ ಸ್ವಲ್ಪ ಪಾಲು ರಕ್ತಕ್ಕೆ ಸೇರಿದಾಗ ಎದೆ ಡವಡವ, ಕೈ ನಡುಕ. ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಇದನ್ನೇ ಬಹಳ ಜನ ಅಲರ್ಜಿ ಅಂದುಕೊಳ್ಳುತ್ತಾರೆ. ಸೂಜಿ ಕಂಡು ತಲೆ ತಿರುಗಿ ಬೀಳುವುದನ್ನೂ ಅಲರ್ಜಿ ಅನ್ನುತ್ತಾರೆ.

ಲಿಗ್ನೋಕೇನ್‌ಗೆ ನಿಜವಾದ ಅಲರ್ಜಿ ತುಂಬಾ ಅಪರೂಪ. ಮೈತುಂಬ ದದ್ದು, ತುಟಿ ರೆಪ್ಪೆ ಊದಿಕೊಳ್ಳುವುದು, ಉಸಿರಾಟದಲ್ಲಿ ಸಿಳ್ಳೆ ಸದ್ದು, ಬಿಪಿ ಕುಸಿಯುವುದು, ಇವು ಆಗಿದ್ದರೆ ಆ ಮಾತು ಬೇರೆ. ಆಗಲೂ ಎಷ್ಟೋ ಸಲ ಕಾರಣ ಬಾಟಲಿಯಲ್ಲಿ ಕೆಡದಂತೆ ಹಾಕಿರುವ ಪ್ಯಾರಾಬೆನ್ ಆಗಿರುತ್ತದೆ. ಇದನ್ನು ಪರೀಕ್ಷೆ ಮಾಡಿಸಿ ಬಿಡಿಸಿಕೊಳ್ಳಿ. ಸುಮ್ನೆ "ಅಲರ್ಜಿ" ಅಂತ ಫೈಲ್ ಮೇಲೆ ಕೂತರೆ, ನಾಳೆ ಒಂದು ಹೊಲಿಗೆ ಹಾಕಬೇಕಾದರೂ ಡಾಕ್ಟರ್ ಹಿಂಜರಿಯುತ್ತಾರೆ. ನಷ್ಟ ಅಮ್ಮನಿಗೇ.

ಬಿಪಿ ಮಾತ್ರೆ ಯಾವುದು ಅಂತ ದಂತವೈದ್ಯರಿಗೆ ಕಡ್ಡಾಯವಾಗಿ ತೋರಿಸಿ. ಮುಖ್ಯವಾಗಿ ಪ್ರೊಪ್ರನಲಾಲ್. ಮೈಗ್ರೇನ್‌ಗೆ, ನಡುಕಕ್ಕೆ ಅಂತಲೂ ಅದನ್ನು ತಗೊಳ್ಳುವವರಿದ್ದಾರೆ. ಅದರ ಜೊತೆ ಅಡ್ರಿನಲಿನ್ ಸೇರಿದರೆ ಬಿಪಿ ಏರಬಹುದು. ಹಾಗಂತ ಹೃದಯದ ರೋಗಿಗೆ ಇಂಜೆಕ್ಷನ್ನೇ ಬೇಡ ಅಂತಲ್ಲ. ಪ್ರಮಾಣ ಕಡಿಮೆ ಮಾಡಿ, ಸಿರಿಂಜ್ ಹಿಂದಕ್ಕೆ ಎಳೆದು ರಕ್ತ ಬರುತ್ತಿಲ್ಲ ಅಂತ ನೋಡಿ, ನಿಧಾನವಾಗಿ ಕೊಡುತ್ತಾರೆ. ನೋವಲ್ಲಿ ಹಲ್ಲು ಕಿತ್ತರೆ ಮೈಯೇ ತಯಾರಿಸಿಕೊಳ್ಳುವ ಅಡ್ರಿನಲಿನ್ ಇದಕ್ಕಿಂತ ಜಾಸ್ತಿ.

ಬನಶಂಕರಿ ನಿವೃತ್ತ:
ಹೃದಯದ ಮಾತು ಬಂತಲ್ಲ, ಅದಕ್ಕೆ ಕೇಳುತ್ತೇನೆ. ನಮ್ಮ ಅಣ್ಣನಿಗೆ ಹಾರ್ಟ್ ಅಟ್ಯಾಕ್ ಆಗಿ ಐಸಿಯುನಲ್ಲಿದ್ದಾಗ ಚೀಟಿಯಲ್ಲಿ ಲಿಗ್ನೋಕೇನ್ ಅಂತ ಬರೆದಿದ್ದರು. ಹಲ್ಲಿನ ಔಷಧಿ ಹೃದಯಕ್ಕೆ ಯಾಕೆ ಅಂತ ನಮಗೆಲ್ಲ ಗಾಬರಿ. ಕೇಳಲು ಆವಾಗ ಧೈರ್ಯ ಇರಲಿಲ್ಲ.

ಓಟಿ ರಾತ್ರಿಪಾಳಿ:
ಸರಿಯಾಗಿಯೇ ಬರೆದಿದ್ದರು ಸರ್. ಸೋಡಿಯಂ ಬಾಗಿಲು ನರದಲ್ಲಿ ಮಾತ್ರ ಅಲ್ಲ, ಹೃದಯದ ಸ್ನಾಯುವಿನಲ್ಲೂ ಇದೆ. ಅಟ್ಯಾಕ್ ಆದ ಹೃದಯದ ಕೆಳ ಕೋಣೆ ಒಮ್ಮೊಮ್ಮೆ ತಾಳ ತಪ್ಪಿ ಹುಚ್ಚಾಪಟ್ಟೆ ಬಡಿಯುತ್ತದೆ. ಅದನ್ನು ಹಿಡಿತಕ್ಕೆ ತರಲು ಲಿಗ್ನೋಕೇನ್ ಅನ್ನು ರಕ್ತನಾಳಕ್ಕೆ ಕೊಡುತ್ತಾರೆ. 1960ರ ದಶಕದಿಂದ ಬಳಕೆಯಲ್ಲಿದೆ. ಈಗ ಅಮಿಯೊಡರೋನ್ ಅನ್ನುವ ಔಷಧಿ ಮುಂದೆ ಬಂದಿದೆ, ಆದರೂ ಲಿಗ್ನೋಕೇನ್ ಪಟ್ಟಿಯಲ್ಲಿದೆ. ಆಗ ಕೊಡುವುದರಲ್ಲಿ ಅಡ್ರಿನಲಿನ್ ಇರುವುದಿಲ್ಲ, ಮಾನಿಟರ್ ಎದುರಿಗಿರುತ್ತದೆ.

ತಾಳ ತಪ್ಪಿದ ಹೃದಯವನ್ನು ಸರಿ ಮಾಡುವ ಔಷಧಿಯೇ ಮಿತಿ ಮೀರಿದರೆ ಸರಿಯಿರುವ ಹೃದಯವನ್ನೂ ನಿಲ್ಲಿಸಬಲ್ಲದು. ಮೊದಲಿನ ಸೂಚನೆಗಳನ್ನು ಎಲ್ಲರೂ ತಿಳಿದಿರಿ. ಬಾಯಿಯ ಸುತ್ತ ಜುಮುಗುಡುತ್ತದೆ. ನಾಲಿಗೆಗೆ ಲೋಹದ ರುಚಿ ಬರುತ್ತದೆ. ಕಿವಿ ಗುಂಯ್ ಅನ್ನುತ್ತದೆ, ತಲೆ ಹಗುರ, ಮಾತು ತೊದಲು. ಆಮೇಲೆ ಸ್ನಾಯು ಅದುರುತ್ತದೆ, ಫಿಟ್ಸ್ ಬರಬಹುದು. ದಂತವೈದ್ಯರ ಕುರ್ಚಿಯಲ್ಲಿ ಕೂತಾಗ ಇಂಥದ್ದು ಅನಿಸಿದರೆ ಆ ಕ್ಷಣವೇ ಹೇಳಿ. ಆಸ್ಪತ್ರೆಯಲ್ಲಿ ಇದಕ್ಕೆ ಆಮ್ಲಜನಕ, ಫಿಟ್ಸ್‌ಗೆ ಔಷಧಿ, ಮತ್ತೆ 20% ಲಿಪಿಡ್ ಎಮಲ್ಷನ್ ಅನ್ನುವ ಬಿಳಿ ಕೊಬ್ಬಿನ ಡ್ರಿಪ್ ಕೊಡುತ್ತೇವೆ. ಯಕೃತ್ತು ಕೆಟ್ಟವರಲ್ಲಿ ಈ ಔಷಧಿ ನಿಧಾನವಾಗಿ ಕರಗುತ್ತದೆ, ಅವರಿಗೆ ಅಳತೆ ಇನ್ನೂ ಕಡಿಮೆ.

ಕೋರಮಂಗಲ ಕೋಡಿಂಗ್:
ಅಣ್ಣ, ಮುಂದಿನ ವಾರ ಬೆನ್ನು ತುಂಬ ಟ್ಯಾಟೂ ಹಾಕಿಸಿಕೊಳ್ಳುತ್ತಿದ್ದೇನೆ. ಆನ್‌ಲೈನ್‌ನಲ್ಲಿ 10% ನಂಬಿಂಗ್ ಕ್ರೀಮ್ ತರಿಸಿದ್ದೇನೆ. ಮನೆಯಲ್ಲೇ ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಸುತ್ತಿಕೊಂಡು ಆಟೋದಲ್ಲಿ ಹೋಗುವ ಪ್ಲಾನ್. ಚರ್ಮದ ಮೇಲೆ ತಾನೇ, ತೊಂದರೆ ಇಲ್ಲ ಅಲ್ವಾ?

ಓಟಿ ರಾತ್ರಿಪಾಳಿ:
ತೊಂದರೆ ಇದೆ ತಮ್ಮಾ. ದಯವಿಟ್ಟು ಬೇಡ.

ಚರ್ಮದ ಮೇಲೆ ಹಚ್ಚಿದರೂ ರಕ್ತಕ್ಕೆ ಸೇರುತ್ತದೆ. ಜಾಗ ಎಷ್ಟು ದೊಡ್ಡದೋ ಅಷ್ಟು ಜಾಸ್ತಿ. ಪ್ಲಾಸ್ಟಿಕ್ ಸುತ್ತಿದರೆ ಇನ್ನೂ ಜಾಸ್ತಿ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಬೆವರಿಕೊಂಡು ಒಂದೂವರೆ ಗಂಟೆ ಕೂತರೆ ಮತ್ತೂ ಜಾಸ್ತಿ. ಅಮೆರಿಕದಲ್ಲಿ ಲೇಸರ್‌ನಿಂದ ಕೂದಲು ತೆಗೆಸಲು ಹೊರಟ ಇಬ್ಬರು ಯುವತಿಯರು ಇದೇ ರೀತಿ ಕಾಲಿಗೆ ಕ್ರೀಮ್ ಹಚ್ಚಿ ಸುತ್ತಿಕೊಂಡು, ಫಿಟ್ಸ್ ಬಂದು ಕೋಮಾಕ್ಕೆ ಹೋಗಿ ತೀರಿಕೊಂಡರು. 22 ಮತ್ತು 25 ವರ್ಷದವರು. 2007ರಲ್ಲಿ ಎಫ್‌ಡಿಎ ಎಚ್ಚರಿಸಿತು. 2024ರಲ್ಲಿ ಮತ್ತೆ, 4%ಗಿಂತ ಹೆಚ್ಚು ಲಿಡೋಕೇನ್ ಇರುವ, ಚೀಟಿ ಇಲ್ಲದೆ ಮಾರುವ ಕ್ರೀಮ್‌ಗಳನ್ನು ಟ್ಯಾಟೂಗೂ ಬಳಸಬೇಡಿ ಅಂತ ಹೇಳಿತು. ನಿನ್ನ ಕೈಯಲ್ಲಿರುವುದು 10%. ಸೂಜಿ ಚುಚ್ಚಿದ ಚರ್ಮದ ಮೇಲೆ ಮತ್ತೆ ಹಚ್ಚಿದರಂತೂ ತಡೆಯೇ ಇರುವುದಿಲ್ಲ.

ಕ್ರೀಮ್ ಬೇಕೇ ಬೇಕು ಅಂದರೆ ಚರ್ಮದ ಡಾಕ್ಟರ್ ನೋಡು. ಲಿಗ್ನೋಕೇನ್ 2.5%, ಪ್ರಿಲೋಕೇನ್ 2.5% ಸೇರಿದ ಕ್ರೀಮ್ ಇದೆ. ಮಕ್ಕಳಿಗೆ ಡ್ರಿಪ್ ಸೂಜಿ ಹಾಕುವ ಮೊದಲು ನಾವೂ ಹಚ್ಚುತ್ತೇವೆ. ಕೈಯ ಹಿಂಭಾಗದಲ್ಲಿ ಒಂದು ನಾಣ್ಯದಷ್ಟು ಜಾಗ, ಮೇಲೆ ಪಾರದರ್ಶಕ ಪಟ್ಟಿ, ಒಂದು ಗಂಟೆ ಕಾಯುವುದು. ಪೂರ್ತಿ ಬೆನ್ನಿಗೆ ಅಲ್ಲ. ಟ್ಯಾಟೂವನ್ನು ಎರಡು ಮೂರು ಕಂತಿನಲ್ಲಿ ಹಾಕಿಸಿಕೋ.

ಕೋರಮಂಗಲ ಕೋಡಿಂಗ್:
ಆರ್ಡರ್ ವಾಪಸ್ ಕಳಿಸುತ್ತಿದ್ದೇನೆ. ಥ್ಯಾಂಕ್ಸ್ ಅಣ್ಣ.

ವಿಜಯನಗರ ಬಾಣಂತಿ:
ನನಗೆ ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಅದೂ ಇದೇನಾ? ಆವತ್ತಿಂದ ಸೊಂಟ ನೋವು. ಎಲ್ಲರೂ "ಆ ಇಂಜೆಕ್ಷನ್‌ದೇ, ಜೀವನಪೂರ್ತಿ ಇರುತ್ತೆ" ಅನ್ನುತ್ತಾರೆ.

ಓಟಿ ರಾತ್ರಿಪಾಳಿ:
ಅದು ಹೆಚ್ಚಾಗಿ ಬ್ಯುಪಿವಕೇನ್ ಅಮ್ಮ, ಇದೇ ಕುಟುಂಬದ್ದು. ಮೊದಲು ಬೆನ್ನಿಗೂ 5% ಲಿಗ್ನೋಕೇನ್ ಕೊಡುತ್ತಿದ್ದರು. ಕೆಲವರಿಗೆ ಆಮೇಲೆ ಒಂದೆರಡು ದಿನ ಪೃಷ್ಠ, ತೊಡೆಯಲ್ಲಿ ನೋವು ಬರುತ್ತಿತ್ತು. ಹಾಗಾಗಿ ಅದನ್ನು ಹೆಚ್ಚು ಕಡಿಮೆ ಬಿಟ್ಟಿದ್ದೇವೆ. ಈಗ ಬೆನ್ನಿನ ಈ ಇಂಜೆಕ್ಷನ್ ಕೊಡುವಾಗ ಲಿಗ್ನೋಕೇನ್ ಬಳಸುವುದು ಹೆಚ್ಚಾಗಿ ಮೇಲಿನ ಚರ್ಮ ಮರಗಟ್ಟಿಸಲು.

ಸೂಜಿ ಹಾಕಿದ ಜಾಗ ಕೆಲವು ದಿನ ನೋಯುವುದು ನಿಜ. ತಿಂಗಳುಗಟ್ಟಲೆ ಇರುವ ಸೊಂಟ ನೋವಿಗೆ ಮಾತ್ರ ಅದು ಕಾರಣ ಅಲ್ಲ. ಬಸುರಿನಲ್ಲಿ ಸಡಿಲವಾದ ಕೀಲು, ಬಾಗಿ ಕೂತು ಹಾಲು ಕೊಡುವುದು, ನಿದ್ದೆಯಿಲ್ಲದೆ ಮಗು ಎತ್ತಿಕೊಂಡು ಓಡಾಡುವುದು, ಇವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಜೆಕ್ಷನ್ ಮೇಲೆ ಹಾಕಿಬಿಟ್ಟರೆ ನಿಮಗೆ ಬೇಕಾದ ವ್ಯಾಯಾಮ, ಫಿಸಿಯೋ ಸಿಗುವುದೇ ಇಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಕಾಲು ಜೋಮು, ಬಲ ಕಡಿಮೆ, ಮೂತ್ರ ಹಿಡಿತಕ್ಕೆ ಸಿಗುತ್ತಿಲ್ಲ ಅಂತಿದ್ದರೆ ಕಾಯದೆ ತೋರಿಸಿ.

ಬನಶಂಕರಿ ನಿವೃತ್ತ:
ನನ್ನ ಹೆಂಡತಿಗೆ ಹೋದ ವರ್ಷ ಸರ್ಪಸುತ್ತು ಆಗಿತ್ತು. ಗುಳ್ಳೆ ಒಣಗಿದರೂ ಪಕ್ಕೆಯ ಉರಿ ಹೋಗಲಿಲ್ಲ. ಸೀರೆ ಸೆರಗು ತಗುಲಿದರೂ "ಅಯ್ಯೋ" ಅನ್ನುತ್ತಿದ್ದಳು. ನೋವಿನ ಡಾಕ್ಟರ್ ಲಿಡೋಕೇನ್ 5% ಪ್ಯಾಚ್ ಬರೆದುಕೊಟ್ಟರು. ಅದರಿಂದ ಅವಳಿಗೆ ರಾತ್ರಿ ನಿದ್ದೆ ಬರುವಂತಾಯಿತು. ಈ ಔಷಧಿಗೆ ನಾನು ಋಣಿ.

ಓಟಿ ರಾತ್ರಿಪಾಳಿ:
ಓದಿ ಸಂತೋಷವಾಯಿತು ಸರ್. ಬೇರೆಯವರಿಗೆ ತಿಳಿಯಲಿ ಅಂತ ಸೇರಿಸುತ್ತೇನೆ: ಆ ಪ್ಯಾಚ್ ಹನ್ನೆರಡು ಗಂಟೆ ಅಂಟಿಸಿ, ಹನ್ನೆರಡು ಗಂಟೆ ತೆಗೆದಿಡಬೇಕು. ಗುಳ್ಳೆ ಹಸಿಯಿರುವಾಗ ಅಂಟಿಸಬಾರದು. ಮೇಲೆ ಬಿಸಿನೀರಿನ ಚೀಲ ಇಡಬಾರದು, ಔಷಧಿ ಒಮ್ಮೆಲೇ ಇಳಿಯುತ್ತದೆ. ತೆಗೆದ ಪ್ಯಾಚ್‌ನಲ್ಲಿ ಇನ್ನೂ ಬಹಳ ಔಷಧಿ ಉಳಿದಿರುತ್ತದೆ. ಅಂಟಿನ ಕಡೆ ಒಳಕ್ಕೆ ಮಡಚಿ, ಮೊಮ್ಮಕ್ಕಳ ಕೈಗೆ ಸಿಗದ ಹಾಗೆ ಬಿಸಾಡಿ.

ಸರ್ಜಾಪುರ ಪಿಯುಸಿ ಮೇಡಂ:
ಇದನ್ನು ಕಂಡುಹಿಡಿದವರು ಯಾರು? ಮಕ್ಕಳಿಗೆ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ, ಹೇಳಲು ಒಳ್ಳೆ ಕಥೆಯಾಗುತ್ತದೆ.

ಬಸವನಗುಡಿ ದಂತವೈದ್ಯೆ:
ನನಗೆ ಇಷ್ಟವಾದ ಕಥೆ ಮೇಡಂ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕಣ್ಣಿನ ಶಸ್ತ್ರಚಿಕಿತ್ಸೆಗೆ ಕೊಕೇನ್ ಹನಿ ಹಾಕಿ ನೋವು ಇಲ್ಲದಂತೆ ಮಾಡಿದರು. ಆದರೆ ಕೊಕೇನ್ ಚಟ ಹಿಡಿಸುವಂಥದ್ದು. ಆಮೇಲೆ ಬಂದ ಪ್ರೊಕೇನ್‌ಗೆ ಅಲರ್ಜಿ ಜಾಸ್ತಿ. ಈ ನಡುವೆ ಸ್ವೀಡನ್‌ನಲ್ಲಿ ಬಾರ್ಲಿಯಲ್ಲಿ ಸಿಗುವ ಗ್ರಾಮೀನ್ ಅನ್ನುವ ವಸ್ತುವಿನ ಮೇಲೆ ಸಂಶೋಧನೆ ನಡೆದಿತ್ತು. ಅದೇ ಬಗೆಯ ಇನ್ನೊಂದನ್ನು ತಯಾರಿಸಿ ರುಚಿ ನೋಡಿದಾಗ ನಾಲಿಗೆ ಮರಗಟ್ಟಿತು. ಆ ಎಳೆ ಹಿಡಿದು ಹೋದ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಲಿಡೋಕೇನ್ ತಯಾರಿಸಿದರು. ಅವರ ಜೊತೆಗಾರ ಬೆಂಗ್ಟ್ ಲುಂಡ್‌ಕ್ವಿಸ್ಟ್ ತಮ್ಮ ಮೈಗೇ ಚುಚ್ಚಿಕೊಂಡು ಪರೀಕ್ಷೆ ಮಾಡಿದರು. 1948ರಲ್ಲಿ ಆಸ್ಟ್ರಾ ಕಂಪನಿ ಝೈಲೋಕೇನ್ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. ನಮ್ಮ ಹಿರಿಯ ಡಾಕ್ಟರುಗಳು ಇವತ್ತಿಗೂ "ಝೈಲೋಕೇನ್ ಕೊಡಿ" ಅಂತಲೇ ಕೇಳುವುದು.

ರಾಜಾಜಿನಗರದ ಅಮ್ಮ:
ಎಲ್ಲರಿಗೂ ಧನ್ಯವಾದ. ಅತ್ತೆಗೆ ಈ ಉತ್ತರಗಳನ್ನೆಲ್ಲ ಓದಿ ಹೇಳಿದೆ. ಈಗ ಅವರೇ ಬೆರಳಲ್ಲಿ ಒಸಡು ತಿಕ್ಕುತ್ತಿದ್ದಾರೆ. ತಣ್ಣನೆ ಬಟ್ಟೆ ಮಗಳಿಗೆ ತುಂಬಾ ಹಿಡಿಸಿದೆ. ಕೊನೆಯ ಪ್ರಶ್ನೆ: ನನ್ನ ಆರು ವರ್ಷದ ಮಗನಿಗೆ ಶನಿವಾರ ಹುಳುಕು ಹಲ್ಲಿಗೆ ಇಂಜೆಕ್ಷನ್ ಕೊಟ್ಟು ಚಿಕಿತ್ಸೆ ಮಾಡುತ್ತಾರೆ. ನಾನೇನು ನೋಡಿಕೊಳ್ಳಬೇಕು? ಮೆಡಿಕಲ್ ಶಾಪ್ ಬಗ್ಗೆ ಎಲ್ಲಾದರೂ ಹೇಳಬಹುದಾ?

ಬಸವನಗುಡಿ ದಂತವೈದ್ಯೆ:
ಅವತ್ತೇ ತೂಕ ನೋಡಿಕೊಂಡು ಹೋಗಿ, ಡಾಕ್ಟರ್‌ಗೆ ಮೊದಲೇ ಹೇಳಿ. ಅಳತೆ ಅದರ ಮೇಲೇ. ಆಸ್ತಮಾ, ಫಿಟ್ಸ್, ಹೃದಯದ ತೊಂದರೆ ಇದ್ದರೆ ಅದನ್ನೂ ಹೇಳಿ. ಹಲ್ಲಿನ ಮರಗಟ್ಟುವಿಕೆ ಒಂದು ಗಂಟೆಗೆ ಇಳಿದರೂ ತುಟಿ, ಕೆನ್ನೆ ಮೂರರಿಂದ ಐದು ಗಂಟೆ ಮರಗಟ್ಟಿರುತ್ತದೆ. ಮಕ್ಕಳು ಗೊತ್ತಿಲ್ಲದೆ ತುಟಿ ಅಗಿದುಬಿಡುತ್ತಾರೆ. ಸಂಜೆ ಹೊತ್ತಿಗೆ ತುಟಿ ಊದಿ ಬಿಳಿ ಹುಣ್ಣಾಗಿರುತ್ತದೆ, ತಾಯಂದಿರು ಗಾಬರಿಯಾಗಿ ಫೋನ್ ಮಾಡುತ್ತಾರೆ. ಅದಕ್ಕೆ ಪೂರ್ತಿ ಇಳಿಯುವವರೆಗೆ ಚಪಾತಿ, ದೋಸೆ ಅಂತ ಅಗಿಯುವುದೇನೂ ಬೇಡ. ತಣ್ಣನೆ ಮಜ್ಜಿಗೆ, ಮೊಸರು ಕೊಡಿ. ಬಿಸಿ ಹಾಲು ಬೇಡ, ಸುಟ್ಟದ್ದು ಅವನಿಗೆ ತಿಳಿಯುವುದಿಲ್ಲ. ಪಕ್ಕದಲ್ಲಿ ಕೂತು ಬಾಯಿ ಮೇಲೆ ಕಣ್ಣಿಟ್ಟಿರಿ, ಮಲಗಲು ಬಿಡಬೇಡಿ.

ಓಟಿ ರಾತ್ರಿಪಾಳಿ:
ಔಷಧಿಯಿಂದ ಯಾರಿಗಾದರೂ ತೊಂದರೆ ಆದರೆ 1800-180-3024ಕ್ಕೆ ಫೋನ್ ಮಾಡಿ ತಿಳಿಸಬಹುದು. ಔಷಧಿಗಳ ಅಡ್ಡಪರಿಣಾಮ ದಾಖಲು ಮಾಡುವ ಸರ್ಕಾರದ ಉಚಿತ ಸಹಾಯವಾಣಿ. ರೋಗಿಗಳೂ ಕರೆ ಮಾಡಬಹುದು. ಚೀಟಿ ಕೇಳದೆ ಔಷಧಿ ಕೊಡುವ ಅಂಗಡಿ ಬಗ್ಗೆ ಆದರೆ ರಾಜ್ಯದ ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡಿ. ಬೀರು ಮೇಲಿನ ಟ್ಯೂಬ್ ಅಲ್ಲೇ ಇಡಬೇಡಿ ಮೇಡಂ, ಆರು ವರ್ಷದ ಹುಡುಗ ಕುರ್ಚಿ ಹಾಕಿಕೊಂಡು ಹತ್ತುತ್ತಾನೆ. ಬೀಗ ಇರುವ ಕಡೆ ಇಡಿ, ಇಲ್ಲವೇ ಅಂಗಡಿಗೆ ವಾಪಸ್ ಕೊಟ್ಟುಬಿಡಿ.